ಚಿರೆಕಲ್ಲಿನ ಮನೆಗೆ ಎರಡು ಡಬ್ಬಿ ವೈಫೈ

ನಮ್ಮದು ಶಿರಸಿ ಕಡೆಯ ಹಳೇ ಮನೆ. ಚಿರೆಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಬೇಸಿಗೆ ರಜೆಗೆ ತಂಗಿಯ ಮಕ್ಕಳು ಬಂದರೆ ಸಂಜೆ ಏಳರ ಹೊತ್ತಿಗೆ ಐದು ಕಡೆ ವಿಡಿಯೋ ಶುರು. ಜಗಲಿಯ ಟಿವಿಯಲ್ಲಿ ಅಪ್ಪನ ಕ್ರಿಕೆಟ್, ಅಡಿಗೆಮನೆಯಲ್ಲಿ ಆಯಿಯ ಯಕ್ಷಗಾನ, ಮಾಳಿಗೆಯಲ್ಲಿ ಮೂರು ಮಕ್ಕಳ ಮೂರು ಮೊಬೈಲು. ಹತ್ತು ನಿಮಿಷಕ್ಕೆ ಮೇಲಿನಿಂದ ಕೂಗು: "ಮಾವಾ, ಮತ್ತೆ ಸುತ್ತೋಕೆ ಶುರುವಾಯ್ತು!"

ನಾನು ಮೊದಲು ಬೈದದ್ದು ಇಂಟರ್ನೆಟ್ ಕೊಡುವವರಿಗೆ. ಅವರ ಹುಡುಗ ಬಂದು ರೂಟರಿಗೆ ವಯರ್ ಚುಚ್ಚಿ ಲ್ಯಾಪ್‌ಟಾಪಿನಲ್ಲಿ ತೋರಿಸಿದ. 100 ಎಂಬಿಪಿಎಸ್ ವೇಗ ಸರಿಯಾಗಿಯೇ ಬರುತ್ತಿತ್ತು. ಫುಲ್ ಎಚ್‌ಡಿ ನೋಡಲು ನೆಟ್‌ಫ್ಲಿಕ್ಸ್ ಹೇಳುವುದು 5 ಎಂಬಿಪಿಎಸ್. ಐದು ಜನಕ್ಕೆ 25 ಆದರೆ ಸಾಕು. ಅಂದರೆ ತೊಂದರೆ ಹೊರಗಿನ ಲೈನಿನದಲ್ಲ, ಮನೆಯೊಳಗಿನ ಗಾಳಿಯದು.

ವೈಫೈನಲ್ಲಿ ಒಂದು ಚಾನೆಲ್, ಅಂದರೆ ಗಾಳಿಯಲ್ಲಿನ ಒಂದು ದಾರಿ, ಅದರ ಮೇಲೆ ಎಲ್ಲರೂ ಸರದಿ ಪ್ರಕಾರವೇ ಮಾತಾಡಬೇಕು. ಒಂದೇ ಬಚ್ಚಲಿಗೆ ಐದು ಜನ ಕಾದ ಹಾಗೆ. ಒಬ್ಬ ನಿಧಾನಕ್ಕೆ ಮಿಂದರೆ ಹಿಂದಿನವರಿಗೆಲ್ಲ ತಡ. ಮಾಳಿಗೆ ಮೂಲೆಯ ಹಳೇ ಮೊಬೈಲಿಗೆ ಸಿಗ್ನಲ್ ಕಡಿಮೆ. ಅದು ತೊದಲುತ್ತಾ ತನ್ನ ಪಾಲು ಮುಗಿಸುವವರೆಗೆ ಅಪ್ಪನ ಟಿವಿಯೂ ಕಾಯಬೇಕು. ವೈಫೈ ಅಲೆಗಳಲ್ಲಿ 5 ಗಿಗಾಹರ್ಟ್ಸಿನದಕ್ಕೆ ವೇಗ ಜಾಸ್ತಿ, ಆದರೆ ಇಷ್ಟು ದಪ್ಪ ಚಿರೆಕಲ್ಲು ದಾಟುವುದು ಕಷ್ಟ. 2.4 ಗಿಗಾಹರ್ಟ್ಸಿನದು ಅದಕ್ಕಿಂತ ಚೆನ್ನಾಗಿ ದಾಟುತ್ತದೆ, ಆದರೆ ನಿಧಾನ.

ಹಾಗಾಗಿ 7,200 ರೂಪಾಯಿ ಕೊಟ್ಟು ಎರಡು ಡಬ್ಬಿಯ ಮೆಶ್ ವೈಫೈ ತಂದೆ. ಮೆಶ್ ಅಂದರೆ ಬೇರೆ ಬೇರೆ ಕಡೆ ಇಟ್ಟ ಡಬ್ಬಿಗಳು ಸೇರಿ ಒಂದೇ ವೈಫೈ ಕೊಡುವುದು. ಕಂಪನಿ ಹೆಸರು ಹೇಳುವುದಿಲ್ಲ, ಬೈಯುವುದೂ ಇದೆ. ಒಂದು ಜಗಲಿಯಲ್ಲಿ, ಇನ್ನೊಂದು ಮಾಳಿಗೆಯಲ್ಲಿ. ಮೊದಲ ವಾರ ನಿರಾಸೆ. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ, ವಿಡಿಯೋ ಮಾತ್ರ ಮಸುಕು. ಯಾಕಂದ್ರೆ ಡಬ್ಬಿಯಿಂದ ಡಬ್ಬಿಗೂ ಗಾಳಿಯಲ್ಲೇ ಹೋಗಬೇಕು. ಮಾಳಿಗೆಯ ಒಂದೊಂದು ವಿಡಿಯೋವೂ ಅದೇ ಗಾಳಿಯಲ್ಲಿ ಎರಡು ಸಲ ಓಡಾಡುತ್ತದೆ, ಅಲ್ವಾ?

ಕೊನೆಗೆ ಅಟ್ಟದ ಮೇಲೆ 20 ಮೀಟರ್ ಲ್ಯಾನ್ ವಯರ್ (ಇಂಟರ್ನೆಟ್ ಹರಿಸುವ ವಯರ್) ಎಳೆದೆ. ಇಲಿ ಕಾಟಕ್ಕೆ ಹೆದರಿ ಪಿವಿಸಿ ಪೈಪಿನೊಳಗೆ ತೂರಿಸಿದೆ. ಎರಡೂ ಡಬ್ಬಿ ವಯರಿನಲ್ಲೇ ಸೇರಿದವು. ಟಿವಿಗೂ ಒಂದು ತುಂಡು ಚುಚ್ಚಿದೆ, ಅದು ಗಾಳಿಯ ಸಾಲಿನಿಂದಲೇ ಹೊರಬಂತು. ಅವತ್ತಿನಿಂದ ಐದೂ ಕಡೆ ಸಲೀಸು. ಆಯಿಯ ಭಾಗವತರು ಪದ್ಯದ ನಡುವೆ ಬಾಯಿ ತೆರೆದು ನಿಲ್ಲುವುದು ತಪ್ಪಿದೆ.

ಬೈಯಬೇಕಾದ್ದು ಮೂರು. ಪೆಟ್ಟಿಗೆ ಮೇಲೆ ದೊಡ್ಡದಾಗಿ 'ವೈಫೈ 6' ಅಂತ ಬರೆದಿದೆ, ಅಂದರೆ ವೈಫೈನ ಆರನೇ ಪೀಳಿಗೆ. ಅದರ ಲಾಭ ಪೂರ್ತಿ ಸಿಗಬೇಕಾದರೆ ಮೊಬೈಲೂ ವೈಫೈ 6 ಇರಬೇಕು. ನಮ್ಮಲ್ಲಿ ಅಂಥದ್ದು ಒಂದೇ ಇದೆ. ಜಾಸ್ತಿ ದುಡ್ಡು ಸುಮ್ನೆ ಹೋಯ್ತು. ಸೆಟ್ಟಿಂಗ್ ಬದಲಿಸಲು ಆ್ಯಪೇ ಬೇಕು, ಆ್ಯಪ್ ಇಂಗ್ಲಿಷಿನಲ್ಲಿ ಮಾತ್ರ. ಕರೆಂಟು ಹೋದಾಗ ಮಾಳಿಗೆ ಡಬ್ಬಿಯೂ ಹೋಗುತ್ತದೆ. ಇದು ಡಬ್ಬಿಯ ತಪ್ಪಲ್ಲ ಬಿಡಿ, ಅಲ್ಲಿಗೆ ಇನ್ವರ್ಟರ್ ಲೈನ್ ಇಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಒಂದು ಕೆಲಸ ಮಾತ್ರ ಇದರ ಕೈಯಲ್ಲಿ ಆಗದು: ಎಲ್ಲರಿಗೂ ಒಂದೇ ಹೊತ್ತಿಗೆ ಲೈವ್ ತೋರಿಸುವುದು. 2025ರ ಜೂನ್ 3, ಆರ್‌ಸಿಬಿ ಫೈನಲ್. ಅಪ್ಪ ಟಿವಿಯಲ್ಲಿ, ಆಯಿ ಮೊಬೈಲಿನಲ್ಲಿ, ನಾನು ಮಾಳಿಗೆಯಲ್ಲಿ, ಎಲ್ಲರದೂ ಅದೇ ಮ್ಯಾಚು. ಒಂದೇ ಮ್ಯಾಚ್ ಆದರೂ ಮನೆಗೆ ಮೂರು ಪ್ರತಿ ಬರುತ್ತದೆ, ಬೇರೆ ಬೇರೆಯಾಗಿ. ವಿಡಿಯೋ ತುಂಡು ತುಂಡಾಗಿ ಬಂದು, ಆ್ಯಪು ನಾಲ್ಕಾರು ತುಂಡು ಕೂಡಿಟ್ಟುಕೊಂಡೇ ತೋರಿಸುವುದರಿಂದ ಒಬ್ಬೊಬ್ಬರಿಗೆ ಒಂದೊಂದು ತಡ. ಗದ್ದೆ ಆಚೆ ಮನೆಯವರದು ಡಿಶ್ ಆಂಟೆನಾ. ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಓಡಿಬರುತ್ತಿದ್ದಾನೆ, ಆಗಲೇ ಅಲ್ಲಿಂದ "ಹೋ" ಅಂತ ಕೂಗು ಗದ್ದೆ ದಾಟಿ ಬರುತ್ತಿತ್ತು. ಕೊನೆಯ ಓವರಿಗೆ ಮುಂಚೆ ಅಪ್ಪ ಎದ್ದು ಆ ಕಡೆಯ ಕಿಟಕಿ ಹಾಕಿ ಬಂದರು.