ಅಡುಗೆ ಸೋಡಾವೋ, ಸುಣ್ಣದ ತಿಳಿಯೋ?

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಹವಳ ಸಾಕುವ ಉಪ್ಪುನೀರಿನ ತೊಟ್ಟಿಯಿದೆ. ಅದರಲ್ಲಿ ಕ್ಷಾರೀಯತೆ, ಅಂದರೆ ಹವಳ ತನ್ನ ಅಸ್ಥಿ ಕಟ್ಟಲು ಬಳಸುವ ಕಾರ್ಬೊನೇಟ್‌ಗಳ ಪ್ರಮಾಣ, 6 ಡಿಕೆಎಚ್‌ಗೆ (ಅದನ್ನು ಅಳೆಯುವ ಮಾನ) ಇಳಿದಾಗ ಅದನ್ನು ಏರಿಸಲು ಎದುರಿಗಿದ್ದ ದಾರಿಗಳು ಎರಡು: ಅಡುಗೆ ಸೋಡಾ, ಇಲ್ಲವೇ ಸುಣ್ಣದ ನೀರಿನ ಮೇಲಿನ ತಿಳಿ. ಸಮುದ್ರದ ನೀರಿನಲ್ಲಿ ಅದು ಸುಮಾರು 7. ತೊಟ್ಟಿಯಲ್ಲಿ 8ರಿಂದ 9 ಇದ್ದರೆ ನನಗೆ ನೆಮ್ಮದಿ.

ಅಡುಗೆ ಸೋಡಾ ಅಗ್ಗ, ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. 100 ಲೀಟರ್ ನೀರಿಗೆ 3 ಗ್ರಾಂ ಕರಗಿಸಿದರೆ 1 ಡಿಕೆಎಚ್ ಏರುತ್ತದೆ. (ಬೇಕಿಂಗ್ ಪೌಡರ್ ಬೇರೆಯೇ ವಸ್ತು, ಮುಟ್ಟಬೇಡಿ.) ಆದರೆ ಅದು ಪಿಎಚ್ ಏರಿಸುವುದಿಲ್ಲ. ಕಿಟಕಿ ಮುಚ್ಚಿ ಎಸಿ ಹಾಕಿದ ಫ್ಲ್ಯಾಟಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಮೊದಲೇ ಕುಗ್ಗಿರುತ್ತದೆ. ಅಂಥವರು ಸೋಡಾವನ್ನು ಒವನ್‌ನಲ್ಲಿ 200 ಡಿಗ್ರಿಗೆ ಒಂದು ಗಂಟೆ ಕಾಯಿಸಿದರೆ ಅದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ, ಪಿಎಚ್ ಅನ್ನೂ ಏರಿಸುತ್ತದೆ. ಆಗ 2 ಗ್ರಾಂ ಒಳಗೇ ಅದೇ ಫಲ.

ಸುಣ್ಣದ ತಿಳಿ ಕ್ಷಾರೀಯತೆಯ ಜೊತೆಗೆ ಕ್ಯಾಲ್ಸಿಯಂ ಅನ್ನೂ ಕೊಡುತ್ತದೆ, ಪಿಎಚ್ ಅನ್ನೂ ಎತ್ತುತ್ತದೆ. ಎಲೆ ಅಡಿಕೆಯ ಸುಣ್ಣ ಬೇಡ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು. ತಿಳಿಯ ಪಿಎಚ್ 12ಕ್ಕಿಂತ ಹೆಚ್ಚು. ಒಮ್ಮೆಲೇ ಸುರಿದರೆ ಹವಳ ಸತ್ತಂತೆಯೇ. ಆವಿಯಾದಷ್ಟು ನೀರಿನ ಬದಲಿಗೆ ರಾತ್ರಿ ಹನಿಹನಿಯಾಗಿ ಬಿಡಬೇಕು. ತೊಡಕು ಇಲ್ಲಿಯೇ: ಮುಂಬಯಿಯ ಜುಲೈನಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ತೊಟ್ಟಿಯ ನೀರು ಎಷ್ಟು ಆವಿಯಾದೀತು?

ಹೊಸಬರಿಗೆ ನಾನು ಹೇಳುವುದು ಸೋಡಾ. ನಾನಂತೂ ಬೇಸಿಗೆಯಲ್ಲಿ ತಿಳಿ ಬಿಡುತ್ತೇನೆ, ಮಳೆ ಹಿಡಿದ ಕೂಡಲೇ ಸೋಡಾದ ಡಬ್ಬಿ ತೆರೆಯುತ್ತೇನೆ. ಯಾವುದನ್ನೇ ಬಳಸಿ, ದಿನಕ್ಕೆ 1 ಡಿಕೆಎಚ್ ಮೀರಿ ಏರಿಸಬೇಡಿ. ಒಮ್ಮೆ ಅವಸರಪಟ್ಟು ಏರಿಸಿ, ಹವಳದ ತುದಿಗಳು ಸುಟ್ಟು ಬೆಳ್ಳಗಾದದ್ದನ್ನು ನೋಡಿದ್ದೇನೆ.