ಆರೋ, ಎಂಟೋ? ಇಟ್ಟಿಗೆಯಲ್ಲಿ ಕೊಂಕಣ ರೈಲು

ಕಾರವಾರದಿಂದ ಹೊನ್ನಾವರದವರೆಗಿನ ಹಳಿಯನ್ನು ಆಟದ ಇಟ್ಟಿಗೆಯಲ್ಲಿ ಕಟ್ಟಲು ಹೊರಟವರ ತಲೆಯಲ್ಲಿ ಮೊದಲು ಓಡುವುದು ಸುರಂಗ, ಶರಾವತಿ ಸೇತುವೆ, ಕೆಂಪು ಗುಡ್ಡ. ಆದರೆ ಮೊದಲು ತೀರ್ಮಾನ ಆಗಬೇಕಾದ್ದು ಬೋಗಿಯ ಅಗಲ. ಆರು ಸ್ಟಡ್ಡೋ, ಎಂಟೋ? ತಿರುವು, ಹಲಗೆ, ಮೋಟರ್, ಸುರಂಗದ ಬಾಯಿ ಎಲ್ಲವೂ ಈ ಒಂದು ಅಂಕಿಯ ಬೆನ್ನು ಹತ್ತಿಯೇ ಬರುತ್ತವೆ. ಎರಡೂ ಅಗಲದಲ್ಲಿ ಕಟ್ಟಿ, ಒಂದೇ ಹಲಗೆಯ ಮೇಲೆ ಓಡಿಸಿ ನೋಡಿದ ಲೆಕ್ಕ ಇದು.

ಸ್ಟಡ್ ಅಂದರೆ ಇಟ್ಟಿಗೆಯ ತಲೆಯ ಮೇಲಿನ ಗುಂಡಿ. ಒಂದರ ನಡುವಿನಿಂದ ಪಕ್ಕದ್ದರ ನಡುವಿಗೆ 8 ಮಿ.ಮೀ. ಲೆಗೋ ಹಳಿಗಳ ಒಳ ಅಂತರ ಸುಮಾರು 37.5 ಮಿ.ಮೀ. ಕೊಂಕಣ ರೈಲ್ವೆಯದು 1676 ಮಿ.ಮೀ. ಬ್ರಾಡ್‌ಗೇಜ್, ಈಗಿನ ಪ್ರಯಾಣಿಕರ ಗಾಡಿಗಳ ಎಲ್‌ಎಚ್‌ಬಿ ಮಾದರಿಯ ಬೋಗಿಯ ಅಗಲ 3240 ಮಿ.ಮೀ. ಆರು ಸ್ಟಡ್ಡಿನಲ್ಲಿ, ಅಂದರೆ 48 ಮಿ.ಮೀ. ಅಗಲದಲ್ಲಿ ಕಟ್ಟಿದರೆ ಪ್ರಮಾಣ 1:67.5 ಆಗುತ್ತದೆ. ಆ ಲೆಕ್ಕಕ್ಕೆ ಹಳಿ 25 ಮಿ.ಮೀ. ಇದ್ದರೆ ಸಾಕು, ಇರುವುದು ಅದರ ಒಂದೂವರೆ ಪಟ್ಟು. ಅಪ್ಪನ ಚಪ್ಪಲಿ ಮೆಟ್ಟಿದ ಮಗುವಿನ ಹಾಗೆ ಕಾಣುತ್ತದೆ ಗಾಡಿ. ಎಂಟು ಸ್ಟಡ್ಡಿಗೆ ಪ್ರಮಾಣ ಸುಮಾರು 1:50. ಹಳಿ 33 ಮಿ.ಮೀ. ಇರಬೇಕಿತ್ತು, 4.5 ಮಿ.ಮೀ. ಹೆಚ್ಚಾಯಿತು. ಅಷ್ಟು ಕಣ್ಣಿಗೆ ಕುಕ್ಕುವುದಿಲ್ಲ. 1435 ಮಿ.ಮೀ. ಹಳಿಯ ದೇಶದವರಿಗೆ ಎಂಟರಲ್ಲೂ ಹಳಿ ಅಗಲವಾಗಿಯೇ ಕಾಣುತ್ತದೆ. ನಮ್ಮ ಬ್ರಾಡ್‌ಗೇಜ್‌ಗೆ ಆ ತೊಂದರೆ ಕಡಿಮೆ. ಹಾಗಾಗಿ ಅಲ್ಲಿಯವರು ಆರೇ ಸಾಕು ಅಂದರೆ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ.

ಆರರ ಪರವಾಗಿಯೂ ಮಾತಿದೆ. ಇಟ್ಟಿಗೆ ಕಡಿಮೆ, ತೂಕ ಕಡಿಮೆ, ಒಂದೇ ಮೋಟರ್ ನಾಲ್ಕು ಗಿಡ್ಡ ಬೋಗಿಗಳನ್ನು ತಕರಾರಿಲ್ಲದೆ ಎಳೆಯುತ್ತದೆ. ಪೆಟ್ಟಿಗೆಯಲ್ಲೇ ಬರುವ ಮಾಮೂಲಿ ತಿರುವಿನಲ್ಲಿ ಸಲೀಸಾಗಿ ಹೋಗುತ್ತದೆ. ಮನೆಯ ಜಗುಲಿಯ ಮೇಲೆ ಹಾಸಿ, ಸಂಜೆಗೆ ತೆಗೆದಿಡುವ ರೈಲಾದರೆ ಆರೇ ಇರಲಿ.

ಎಂಟರ ತಾಪತ್ರಯ ಶುರುವಾಗುವುದು ತಿರುವಿನಲ್ಲಿ. ಎಲ್‌ಎಚ್‌ಬಿ ಬೋಗಿಯನ್ನು ಪ್ರಮಾಣಕ್ಕೆ ಸರಿಯಾಗಿ ಕಟ್ಟಿದರೆ ಉದ್ದ 58-59 ಸ್ಟಡ್ ಆಗುತ್ತದೆ. ಮಾಮೂಲಿ ತಿರುವಿನ ತ್ರಿಜ್ಯ 40 ಸ್ಟಡ್, 320 ಮಿ.ಮೀ.; 16 ತುಂಡಿಗೆ ಒಂದು ಸುತ್ತು. ಅದರಲ್ಲಿ ಇಷ್ಟುದ್ದದ ಬೋಗಿಯ ನಡು 36 ಮಿ.ಮೀ. ಒಳಕ್ಕೆ ವಾಲುತ್ತದೆ, ತುದಿ 49 ಮಿ.ಮೀ. ಹೊರಕ್ಕೆ ಚಾಚುತ್ತದೆ. ಪ್ಲಾಟ್‌ಫಾರ್ಮ್ ಅಂಚು, ಸಿಗ್ನಲ್ ಕಂಬ ಎಲ್ಲ ಬೀಳಿಸಿಕೊಂಡೇ ಹೋಗುತ್ತದೆ. ಅದಕ್ಕೇ ಉದ್ದವನ್ನು 46 ಸ್ಟಡ್ಡಿಗೆ ಇಳಿಸಿ, ಒಂದು ಗಾಲಿಕಟ್ಟಿನ ನಡುವಿನಿಂದ ಇನ್ನೊಂದರ ನಡುವಿಗೆ 30 ಸ್ಟಡ್ ಇಡಬೇಕು. (ಗಾಲಿಕಟ್ಟಿಗೆ ಇಂಗ್ಲಿಷಿನವರು ಬೋಗಿ ಅನ್ನುತ್ತಾರೆ, ನಮ್ಮಲ್ಲಿ ಬೋಗಿ ಅಂದರೆ ಡಬ್ಬಿಯೇ. ಬಿಡಿಭಾಗ ತರಿಸುವಾಗ ಈ ಗೊಂದಲದಿಂದ ತಪ್ಪು ಸಾಮಾನು ಬರುವುದುಂಟು.) ಕಿಟಕಿ ಒಂದೆರಡು ಕಮ್ಮಿ ಮಾಡಿ, ಕಿಟಕಿಯ ಅಗಲ ಮಾತ್ರ ಕುಗ್ಗಿಸಬೇಡಿ. ಕಣ್ಣು ಕಿಟಕಿಯ ಅಗಲವನ್ನು ಗಮನಿಸುತ್ತದೆ, ಎಣಿಕೆಯನ್ನಲ್ಲ.

46 ಸ್ಟಡ್ಡಿನ ಬೋಗಿಗೆ ಯಾವ ತಿರುವು? ಬೇರೆ ತಯಾರಕರ 56, 72, 104 ಸ್ಟಡ್ ತ್ರಿಜ್ಯದ ತುಂಡುಗಳು ಸಿಗುತ್ತವೆ. 104 ನೋಡಲು ಬಲು ಚಂದ, ಆದರೆ ಅರ್ಧ ಸುತ್ತಿಗೇ 1.73 ಮೀಟರ್ ಅಗಲ ಬೇಕು. 72ರ ಸ್ಲೀಪರ್ ಅಂಚಿನಿಂದ ಅಂಚಿಗೆ 1216 ಮಿ.ಮೀ.; ನಾಲ್ಕಡಿ ಪ್ಲೈವುಡ್ 1220. ಕಾಗದದ ಮೇಲೆ ಸರಿಹೊಂದುತ್ತದೆ, ಮೋಸ ಹೋಗುವುದೂ ಅಲ್ಲೇ: ಹಳಿ ಹಲಗೆಯ ಮೇಲಿರುತ್ತದೆ, ಬೋಗಿಯ ಮೂಲೆ 13 ಮಿ.ಮೀ. ಹೊರಗೆ ಹಾಯುತ್ತದೆ. ಹಲಗೆ ಗೋಡೆಗೆ ತಾಗಿದ್ದರೆ ಸುಣ್ಣ ಕೆರೆಯುತ್ತದೆ, ಇಲ್ಲವಾದರೆ ಹಳಿ ತಪ್ಪಿದ ಇಂಜಿನ್ ನೇರ ನೆಲಕ್ಕೆ. 56ಕ್ಕೆ ಬೇಕಾದದ್ದು 960 ಮಿ.ಮೀ.; ಬೋಗಿಯ ಚಾಚು ಕಳೆದರೂ ಎರಡೂ ಬದಿಗೆ 11 ಸೆಂ.ಮೀ. ಉಳಿಯುತ್ತದೆ. ಎಂಟಡಿ-ನಾಲ್ಕಡಿ ಹಲಗೆಯವರಿಗೆ 56 ಬಿಟ್ಟು ಬೇರೆ ಯೋಚನೆ ಬೇಡ.

ತಿರುವಿನಲ್ಲಿ ಸುರಂಗ ಬಂದರೆ 56ರಲ್ಲಿ ಬಾಯಿ 14 ಸ್ಟಡ್, 40ರಲ್ಲಿ 16 ಸ್ಟಡ್ ತೆರವಿರಲಿ. ನೇರ ಹಳಿಯಲ್ಲಿ ಅಳತೆ ತೆಗೆದು ಬಾಯಿ ಕಟ್ಟಿದರೆ ಮೊದಲ ಸುತ್ತಿನಲ್ಲೇ ಬೋಗಿ ಸಿಕ್ಕಿಕೊಳ್ಳುತ್ತದೆ. ಅಯಸ್ಕಾಂತದ ಕೊಂಡಿ ಬೋಗಿಯ ಮೈಗಲ್ಲ, ಗಾಲಿಕಟ್ಟಿಗೇ ಇರಬೇಕು. ಎಡ-ಬಲ ತಿರುವು ಬೆನ್ನಿಗೆ ಬೆನ್ನು ಬಂದಾಗ ಮೈಗೆ ಕಟ್ಟಿದ ಕೊಂಡಿ ಕಳಚುತ್ತದೆ. ಅಂಥ ಎರಡು ತಿರುವುಗಳ ನಡುವೆ ಕನಿಷ್ಠ ಎರಡು ನೇರ ತುಂಡು ಹಾಕಿ.

ಕರೆಂಟಿನ ವಿಷಯದಲ್ಲಿ ಒಣ ಊರಿನ ಬುದ್ಧಿಮಾತು ಕರಾವಳಿಗೆ ಹೊಂದುವುದಿಲ್ಲ. 1991ರಲ್ಲಿ ಬಂದ ಲೆಗೋದ 9 ವೋಲ್ಟ್ ಲೋಹದ ಹಳಿ ಈಗ ಹಳೆಯ ಸಾಮಾನಾಗಿ ಮಾತ್ರ ಸಿಗುತ್ತದೆ. ಓಟದಲ್ಲಿ ಅದಕ್ಕೆ ಸಾಟಿಯಿಲ್ಲ, ಬ್ಯಾಟರಿ ಹೊರುವ ಕೆಲಸವಿಲ್ಲ. ಆದರೆ ಉಪ್ಪುಗಾಳಿಗೆ ಹಳಿ ಮಬ್ಬಾಗಿ ಇಂಜಿನ್ ತಡವರಿಸುತ್ತದೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಮರಳು ಕಾಗದ ಮುಟ್ಟಿಸಿದರೆ ಗೀರು ಬಿದ್ದು ಕೊಳೆ ಅಲ್ಲೇ ಕೂರುತ್ತದೆ. ಗಾಡಿ ಸುತ್ತಿ ಬಂದು ಅದೇ ಹಳಿಗೆ ಎದುರು ದಿಕ್ಕಿನಲ್ಲಿ ಸೇರುವ ಕುಣಿಕೆ ಹಾಕಿದರೆ ಶಾರ್ಟ್ ಆಗುತ್ತದೆ. 2018ರಿಂದೀಚೆಯ ಲೆಗೋ ಬ್ಯಾಟರಿ ವ್ಯವಸ್ಥೆಯಾದ ಪವರ್ಡ್ ಅಪ್‌ನಲ್ಲಿ ಕರೆಂಟು ಗಾಡಿಯೊಳಗೇ ಇರುವುದರಿಂದ ಹಳಿ ಬರೀ ಪ್ಲಾಸ್ಟಿಕ್, ಕುಣಿಕೆ ಹೇಗೆ ಬೇಕಾದರೂ ಹಾಕಬಹುದು. ಆರು ಎಎಎ ಸೆಲ್ ಬೇಕು. ರೀಚಾರ್ಜ್ ಸೆಲ್ ಹಾಕಿದರೆ 9 ವೋಲ್ಟಿನ ಬದಲು 7.2 ಸಿಗುತ್ತದೆ, ಎಂಟು ಸ್ಟಡ್ ಗಾಡಿಗೆ ಆಗ ಎರಡು ಮೋಟರ್ ಖಾಯಂ. ಎರಡೂ ಎದುರುಬದುರು ಕೂತಿದ್ದರೆ ಆ್ಯಪ್‌ನಲ್ಲಿ ಒಂದನ್ನು ತಿರುಗುಮುರುಗು ಮಾಡದಿದ್ದರೆ ಎಳೆದಾಡುತ್ತ ನಿಂತಲ್ಲೇ ನಿಲ್ಲುತ್ತದೆ. ಕಾರವಾರ, ಅಂಕೋಲಾ, ಕುಮಟಾದ ಕಡೆಯವರಿಗೆ ಇದೇ ಸರಿ. ಶಿರಸಿಯವರು ಬೇಕಾದರೆ 9 ವೋಲ್ಟ್ ಹಿಡಿಯಲಿ, ಅಲ್ಲಿ ಉಪ್ಪಿಲ್ಲ. ನಿಜವಾದ ರೈಲೂ ಇಲ್ಲ ಅನ್ನುವುದು ಬೇರೆ ಮಾತು.

ಜಲ್ಲಿಗೆ ಸುರಿಯುವುದೋ, ಕೂರಿಸುವುದೋ? 1×1 ದುಂಡು ಪ್ಲೇಟ್ (ಒಂದು ಸ್ಟಡ್ಡಿನ ತೆಳು ಬಿಲ್ಲೆ) ಸುರಿದರೆ ಹತ್ತು ನಿಮಿಷದ ಕೆಲಸ, ಆದರೆ ಒಂದು ಹಾರಿ ಹಳಿಯ ಮೇಲೆ ಬಿದ್ದರೆ ಗಾಡಿ ಮಗುಚಿದಂತೆಯೇ. ಕೂರಿಸುವುದಾದರೆ 12 ಸ್ಟಡ್ ಅಗಲದ ಹಾಸು ಮಾಡಿ. ಪ್ರತಿ ನೇರ ತುಂಡಿಗೆ (16 ಸ್ಟಡ್) ಎರಡೂ ಬದಿ ಸೇರಿ 1×2 ಪ್ಲೇಟ್ 16, ಅಂಚಿಗೆ 1×2 ಇಳಿಜಾರು 16. ಮೀಟರಿಗೆ ಎರಡೂ 128ರಂತೆ ತರಿಸಿ. ಎರಡು ಬಗೆಯ ಬೂದಿ ಬಣ್ಣದ ನಡುವೆ ಅಲ್ಲಲ್ಲಿ ಕಂದು ಸೇರಿಸಿದರೆ ಕೆಮ್ಮಣ್ಣಿನ ಧೂಳು ಕೂತ ಜಲ್ಲಿ ಬರುತ್ತದೆ.

ಗುಡ್ಡ ಕಡಿದ ಗೋಡೆಗೆ ಕೆತ್ತನೆಯ ಮ್ಯಾಸನ್ರಿ ಇಟ್ಟಿಗೆ ಬೇಡ. ಅದು ಸುಟ್ಟ ಇಟ್ಟಿಗೆಯ ಗೋಡೆಯ ಹಾಗೆ ಕಾಣುತ್ತದೆ. ಪಕ್ಕದಲ್ಲೂ ಒಂದು ಸ್ಟಡ್ ಇರುವ ಹೆಡ್‌ಲೈಟ್ ಬ್ರಿಕ್ಕನ್ನು ಬೆನ್ನು ಮುಂದಾಗಿ ತಿರುಗಿಸಿ ಅಲ್ಲೊಂದು ಇಲ್ಲೊಂದು ಕೂರಿಸಿ, ಅದರ ಚೌಕ ತೂತು ಚಿರೆಕಲ್ಲಿನ ತೂತಿನಂತೆಯೇ. ಹಳೆಯ ಕಂದುಗೆಂಪು, ಗಾಢಗೆಂಪು ಇಟ್ಟಿಗೆ ಬೇಗ ಸೀಳುತ್ತದೆ, ಭಾರ ಹೊರುವ ಜಾಗಕ್ಕೆ ಅದನ್ನು ಹಾಕಬೇಡಿ. ಒಳಗೋಡೆ ಬೂದಿಯದೇ ಇರಲಿ, ಕೆಂಪು ಹೊರಗಿನ ಒಂದು ಪದರ ಸಾಕು.

ಎಂಟು ಸ್ಟಡ್ಡಿನ ಇನ್ನೊಂದು ಲಾಭ ರೋ-ರೋ ಗಾಡಿ, ಅಂದರೆ ಸರಕು ತುಂಬಿದ ಲಾರಿಗಳನ್ನೇ ಹೊತ್ತೊಯ್ಯುವ ರೈಲು. 1:50ರಲ್ಲಿ ಲಾರಿ ಆರು ಸ್ಟಡ್ ಆಗುತ್ತದೆ, ಎಂಟರ ವ್ಯಾಗನ್ ಮೇಲೆ ನಿಜದಲ್ಲಿ ಕೂತಷ್ಟೇ ಜಾಗದಲ್ಲಿ ಕೂರುತ್ತದೆ. ಚಪ್ಪಟೆ ವ್ಯಾಗನ್ ಬೋಗಿಗಿಂತ ಗಿಡ್ಡ, ತಿರುವಿನ ಕಾಟವೂ ಕಡಿಮೆ. ಮೊದಲ ಬಾರಿ ಕಟ್ಟುವವರು ಎಲ್‌ಎಚ್‌ಬಿ ಬಿಟ್ಟು ಇದರಿಂದಲೇ ಶುರು ಮಾಡಬಹುದು.

ಹಲಗೆಗೆ ನೀರು ತಡೆಯುವ 710 ದರ್ಜೆಯ ಪ್ಲೈವುಡ್ಡೇ ಆಗಬೇಕು; ಅಗ್ಗದ್ದು ಆಷಾಢದ ಹೊತ್ತಿಗೆ ಉಬ್ಬಿ ಹಳಿಯ ಜೋಡಣೆ ಬಿಡುತ್ತದೆ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಇದ್ದ ಹಾಗೆ ಇದಕ್ಕೂ ಒಂದಿರಲಿ: ಜೂನ್ ಬಂದಾಗ ಸೆಲ್ ಹೊರಗೆ, ಇಂಜಿನ್ ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯೊಳಗೆ.