ಬ್ಯಾಡಗಿ ಮೆಣಸಿನಕಾಯಿ ಇ-ಟೆಂಡರ್: ಸ್ಪರ್ಧೆಗೆ ಒಳ್ಳೆಯದು, ಬಣ್ಣಕ್ಕೆ ಕುರುಡು

ಹಾವೇರಿ ಜಿಲ್ಲೆಯ ಬ್ಯಾಡಗಿ ಎಪಿಎಂಸಿಯಲ್ಲಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ದರ ಹಾಕುವುದು ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ರಾಜ್ಯ ಸರ್ಕಾರ ಕೃಷಿ ಸರಕುಗಳ ಆನ್‌ಲೈನ್ ವಹಿವಾಟು ನಡೆಸುವ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜೊತೆಗೂಡಿ 2014ರಲ್ಲಿ ಶುರು ಮಾಡಿದ ವ್ಯವಸ್ಥೆ ಇದು.

ಮಾಲು ದಲಾಲಿ ಅಂಗಡಿಗೆ ಇಳಿದ ಮೇಲೆ ಪ್ರತಿ ರಾಶಿಗೂ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಚೀಲಕ್ಕೆ ಕೈ ಹಾಕಿ ನೋಡಿ ಗುಟ್ಟಾಗಿ ದರ ನಮೂದಿಸುತ್ತಾರೆ. ಸಮಯ ಮುಗಿದಾಗ ಹೆಚ್ಚಿನ ದರ ಹಾಕಿದವರಿಗೆ ಲಾಟ್. ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಕೊಡಬೇಕಿಲ್ಲ. ಒಬ್ಬರ ದರ ಇನ್ನೊಬ್ಬರಿಗೆ ಕಾಣದಿರುವುದೇ ಇದರ ದೊಡ್ಡ ಲಾಭ; ಅಷ್ಟಕ್ಕೆ ಪೂರ್ತಿ ಅಂಕ ಕೊಡಬಹುದು.

ತೊಡಕು ಬೇರೆ ಕಡೆ ಇದೆ. 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ಈ ಕಾಯಿಗೆ ಬೆಲೆ ತರುವುದು ಖಾರವಲ್ಲ, ಬಣ್ಣ. ಕಾಯಿಯಿಂದ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ತೆಗೆಯುವ ಕಾರ್ಖಾನೆಗಳು ಕೊಳ್ಳುವುದೂ ಅದನ್ನೇ. ಆದರೆ ಬಣ್ಣ ಎಷ್ಟಿದೆ ಎಂದು ಅಂಕಿಯಲ್ಲಿ ಹೇಳುವ ಆಸ್ಟಾ (ಅಮೆರಿಕದ ಸಾಂಬಾರ ವ್ಯಾಪಾರ ಸಂಘದ) ಪರೀಕ್ಷೆಗೆ ಪುಡಿಯನ್ನು ಅಸಿಟೋನ್‌ನಲ್ಲಿ 16 ಗಂಟೆ ಕತ್ತಲಲ್ಲಿಟ್ಟು, ಆಮೇಲೆ 460 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯಬೇಕು. ಬೆಳಿಗ್ಗೆ ಬಂದ ಲಾಟ್ ಅಂದೇ ಟೆಂಡರ್ ಆಗುವಲ್ಲಿ ಇದಕ್ಕೆ ಪುರಸೊತ್ತೆಲ್ಲಿ? ಹಾಗಾಗಿ ದೂರದೂರಿನ ಖರೀದಿದಾರ ಪರದೆ ನಂಬಿ ದರ ಹಾಕುವುದಿಲ್ಲ. ಅಂಗಳದಲ್ಲಿ ನಿಂತವರ ಕಣ್ಣಳತೆಯೇ ಬೆಲೆ. ಇನ್ನೊಂದು ಮಿತಿಯೂ ಇದೆ. 2024ರ ಮಾರ್ಚ್ 11ರಂದು ದರ ಕುಸಿದು ರೈತರು ರೊಚ್ಚಿಗೆದ್ದಾಗ ಎಪಿಎಂಸಿ ಕಚೇರಿಯೇ ದಾಳಿಗೆ ಗುರಿಯಾಯಿತು. ಆವಕ ಉಕ್ಕಿ ಬಂದ ದಿನ ಬೆಲೆ ಎತ್ತಿ ಹಿಡಿಯುವ ಶಕ್ತಿ ಯಾವ ತಂತ್ರಾಂಶಕ್ಕೂ ಇಲ್ಲ.

ಮಾರುವವರು ಗಮನಿಸಬೇಕಾದದ್ದು: ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳೆರಡನ್ನೂ ಒಂದೇ ಲಾಟ್‌ಗೆ ಬೆರೆಸಬೇಡಿ, ಕಡಿಮೆ ಬೆಲೆಯ ತಳಿಯ ದರವೇ ಇಡೀ ರಾಶಿಗೆ ಬೀಳುತ್ತದೆ. ಬಣ್ಣಗೆಟ್ಟ ಬಿಳಿಗಾಯಿ ಆರಿಸಿ ಬೇರೆ ಚೀಲಕ್ಕೆ ಹಾಕಿ. ತೇವಾಂಶ ಸುಮಾರು 10–11% ಇರಲಿ: ಹೆಚ್ಚಾದರೆ ಬೂಸ್ಟು, ತೀರಾ ಕಡಿಮೆಯಾದರೆ ಕಾಯಿ ಮುರಿದು ಬೀಜ ಉದುರುತ್ತದೆ. ತೂಕಕ್ಕೆಂದು ನೀರು ಚಿಮುಕಿಸುವವರ ಚೀಲವನ್ನು ಪಳಗಿದ ಕೈ ಥಟ್ಟನೆ ಹಿಡಿಯುತ್ತದೆ.

ಬಣ್ಣದ ಸಮಸ್ಯೆಗೆ ದಾರಿ ಊರಲ್ಲೇ ಇದೆ. ಸುತ್ತಲಿನ ಶೀತಲಗೃಹಗಳಲ್ಲಿ ಇಟ್ಟ ಮಾಲಿಗೆ ಅವಸರವಿಲ್ಲ. ಅಲ್ಲಿಂದಲೇ ಮಾದರಿ ತೆಗೆದು, ಆಸ್ಟಾ ಅಂಕಿಯನ್ನು ಲಾಟ್ ನಂಬರಿನ ಪಕ್ಕ ತೋರಿಸಿ ಟೆಂಡರ್ ಕರೆದರೆ ಕೊಚ್ಚಿಯ ಖರೀದಿದಾರನೂ ಕೂತಲ್ಲಿಂದ ದರ ಹಾಕಬಹುದು. ಶೀತಲಗೃಹದ ಬಾಡಿಗೆ ಮತ್ತು ಇಟ್ಟ ಮಾಲಿನ ಮೇಲೆ ಪಡೆದ ಅಡಮಾನ ಸಾಲದ ಬಡ್ಡಿಯನ್ನು ಮಾತ್ರ ರೈತ ಮೊದಲೇ ಲೆಕ್ಕ ಹಾಕಿರಬೇಕು.